ಕಲ್ಲು ಕಂಡದ್ದು, ಪುಸ್ತಕ ಕೇಳಿದ್ದು

ಪುಣೆಯ ಕೊಂಢವಾಕ್ಕೆ ಬಂದ ಹೊಸದರಲ್ಲಿ ನನ್ನನ್ನು ದಾರಿ ತಪ್ಪಿಸುತ್ತಿದ್ದದ್ದು ಬೋರ್ಡುಗಳು. ಒಂದು ಕೊಂಢವಾ ಖುರ್ದ, ಇನ್ನೊಂದು ಕೊಂಢವಾ ಬುದ್ರುಕ. ಖುರ್ದ ಅಂದರೆ ಚಿಕ್ಕದು, ಬುದ್ರುಕ ಅಂದರೆ ದೊಡ್ಡದು ಎಂದು ಹೇಳಿಕೊಟ್ಟವರು ಮೇಲಿನ ಮಹಡಿಯ ಅಕ್ಕೋರು. ಅಷ್ಟಕ್ಕೇ ಬಿಡಲಿಲ್ಲ. ಎರಡೂ ಪಾರಸಿಯಿಂದ ಬಂದ ಶಬ್ದಗಳು, ಅದರಲ್ಲಿ ‘ಬುಜುರ್ಗ್’ ಎಂಬುದು ಮರಾಠಿ ಬಾಯಿಗಳಲ್ಲಿ ಉರುಳಿ ಉರುಳಿ ‘ಬುದ್ರುಕ’ ಆಗಿ ಕಂದಾಯದ ಕಾಗದದಲ್ಲಿ ಕೂತುಬಿಟ್ಟಿದೆ ಎಂದರು. “ಯಾರೋ ಅಂದದ್ದನ್ನ ಇನ್ಯಾರೋ ಕೇಳಿ ಬರೀತಾರ ತಮ್ಮಾ. ಹೆಸರಂದ್ರ ಅಷ್ಟ.”

ಅಕ್ಕೋರು ಪುಣೆಯಲ್ಲೇ ಹುಟ್ಟಿದವರು. ಮೂವತ್ತು ವರ್ಷ ಪುಣೆಯ ಮಕ್ಕಳಿಗೇ ಪಾಠ ಹೇಳಿ ನಿವೃತ್ತರಾದರು. ಮನೆಯೊಳಗೆ ಮಾತ್ರ ಗದಗ ಸೀಮೆಯ ಕನ್ನಡ. ಅವರ ಮನೆತನ ನಾಲ್ಕು ತಲೆಮಾರಿನ ಹಿಂದೆ ಬೆಟಗೇರಿ ಕಡೆಯಿಂದ ಬಂದ ಕ್ರೈಸ್ತರದು ಎಂಬ ಮಾತೊಂದು ಮನೆಯಲ್ಲಿ ಉಳಿದಿತ್ತು. ಅದಕ್ಕೆ ಆಧಾರವಾಗಿ ಇದ್ದದ್ದು ಹಳೆಯ ಕನ್ನಡ ಬೈಬಲ್ಲಿನ ಮೊದಲ ಖಾಲಿ ಹಾಳೆ. ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾಗಿ ಬಂದದ್ದು 1831ರಲ್ಲಿ, ಬಳ್ಳಾರಿಯ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಅವರ ಜೊತೆಗಾರರ ಶ್ರಮದಿಂದ. ಆಮೇಲೆ ಅನೇಕ ಮನೆಗಳಲ್ಲಿ ಆ ಪುಸ್ತಕದ ಖಾಲಿ ಹಾಳೆಯೇ ಜನನ ಮರಣಗಳ ದಫ್ತರವಾಯಿತು. ಅಕ್ಕೋರ ಮನೆಯ ಹಾಳೆಯಲ್ಲಿ ಮುತ್ತಜ್ಜನ ಬಗ್ಗೆ ಇದ್ದದ್ದು ಒಂದೇ ಸಾಲು: ಪ್ಲೇಗಿನ ವರ್ಷ ಪುಣೆಯಲ್ಲಿ ತೀರಿಕೊಂಡರು.

“ಇದ ಊರಾಗ ಮಲಗ್ಯಾನ. ಎಲ್ಲಿ ಅನ್ನೂದ ಯಾರಿಗೂ ಗೊತ್ತಿಲ್ಲ” ಎಂದು ಅವರು ಒಂದು ಸಂಜೆ ಹೇಳಿದರು. ಆ ಮಾತಿನ ಹಿಂದೆ ಹೋಗಿ ನಾನು ಎರಡು ವರ್ಷ ಅವರ ಜೊತೆ ಓಡಾಡಿದೆ. ನಾನು ಬರೀ ಚೀಲ ಹೊರುವವನು, ಕನ್ನಡಿ ಹಿಡಿಯುವವನು. ಕೆಲಸವೆಲ್ಲ ಅವರದು. ಆ ಕೆಲಸ ಎಷ್ಟು ಸೂಕ್ಷ್ಮದ್ದು, ಅದರಲ್ಲಿ ಎಷ್ಟು ವಿದ್ಯೆ ಇದೆ ಎಂದು ನೋಡಿದವನಾದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಗದಗ ಕಡೆಯವರು ಪುಣೆಗೆ ಬಂದದ್ದೇಕೆ ಎಂಬುದಕ್ಕೆ ಉತ್ತರ ರೈಲು. 1882ರಲ್ಲಿ ಶುರುವಾದ ಸದರ್ನ್ ಮರಾಠಾ ರೈಲ್ವೆ ಹುಬ್ಬಳ್ಳಿ, ಗದಗ, ಬೆಳಗಾವಿಗಳನ್ನು ಹೊಲೆದುಕೊಂಡು, 1890ರ ಹೊತ್ತಿಗೆ ಲೋಂಢಾ, ಮೀರಜ್ ಮೇಲೆ ಹಾದು ಪುಣೆ ಮುಟ್ಟಿತು. ಮಿಷನ್ ಶಾಲೆಯಲ್ಲಿ ಓದು ಬರಹ ಕಲಿತ, ಕೈಕಸುಬು ಬಲ್ಲ ಹುಡುಗರಿಗೆ ರೈಲ್ವೆಯಲ್ಲೂ ಖಡಕಿಯ ಮದ್ದುಗುಂಡಿನ ಕಾರ್ಖಾನೆಯಲ್ಲೂ ಕೆಲಸವಿತ್ತು. ಮುತ್ತಜ್ಜ ಏನು ಕೆಲಸ ಮಾಡುತ್ತಿದ್ದ ಎಂಬುದೂ ಮನೆಯಲ್ಲಿ ಗೊತ್ತಿರಲಿಲ್ಲ. ಅಕ್ಕೋರು ಮಾತ್ರ ಮೊದಲೇ ಊಹಿಸಿದ್ದರು: ಗದಗಿನವ, 1890ರ ನಂತರದವ, ಅಂದಮೇಲೆ ರೈಲಿನ ವಾಸನೆ ಹಿಡಿದು ನೋಡಬೇಕು. ಹಾಗೆಂದು ಹುಡುಕಾಟ ಶುರುವಾದದ್ದು ಘೋರ್ಪಡಿ, ಕ್ಯಾಂಪು, ಸೊಲ್ಲಾಪುರ ರಸ್ತೆಯ ಸುತ್ತಲಿನ ಹಳೆಯ ಸ್ಮಶಾನಗಳಿಂದ. ಕೊಂಢವಾದಿಂದ ಇಳಿದು ಲುಲ್ಲಾನಗರ, ವಾನವಡಿ ದಾಟಿ ಹೋಗುವ ದಾರಿಯಲ್ಲಿ ಮಹಾದಜಿ ಶಿಂದೆಯ ಛತ್ರಿ ಬರುತ್ತದೆ. 1794ರಲ್ಲಿ ತೀರಿಕೊಂಡ ಸರದಾರನಿಗೆ ಅಷ್ಟು ದೊಡ್ಡ ಗುರುತು. ನಾವು ಹುಡುಕುತ್ತಿದ್ದದ್ದು ಅವನಿಗಿಂತ ನೂರು ವರ್ಷ ಈಚಿನ ಮನುಷ್ಯನನ್ನು.

ಕಲ್ಲು ಸಿಕ್ಕಿದ್ದು ಏಳನೆಯ ಭೇಟಿಯಲ್ಲಿ. ಬೇವಿನ ಮರದಡಿ ಅರ್ಧ ಹೂತುಹೋದ ಕಪ್ಪು ಕಲ್ಲು. ದಖ್ಖನ್ನಿನ ಈ ಕಪ್ಪು ಕಲ್ಲು ಬೆಂಕಿಯ ಪರ್ವತ ಉಗುಳಿ ಗಟ್ಟಿಯಾದದ್ದು, ಉಳಿಗೆ ಸುಲಭವಾಗಿ ಬಗ್ಗುವುದಿಲ್ಲ. ಆದ್ದರಿಂದ ಅಕ್ಷರಗಳು ಆಳವಿರುವುದಿಲ್ಲ, ಆದರೆ ಕೊರೆದಷ್ಟನ್ನು ಬಹುಕಾಲ ಹಿಡಿದುಕೊಂಡಿರುತ್ತದೆ. ಅಮೃತಶಿಲೆ ಇದಕ್ಕೆ ವಿರುದ್ಧ. ಕೊರೆಯಲು ಮೆತ್ತಗೆ, ಮಳೆಗೆ ಕರಗುವುದೂ ಅಷ್ಟೇ ಬೇಗ. ಐಶ್ವರ್ಯವಂತರ ಅಮೃತಶಿಲೆಯ ಫಲಕಗಳಲ್ಲಿ ಸೀಸದ ಅಕ್ಷರ ಕೂರಿಸಿರುತ್ತಾರೆ. ಸೀಸ ಬಿದ್ದುಹೋದರೂ ಅದನ್ನು ಕಚ್ಚಿಸಲು ಕೊರೆದ ಸಣ್ಣ ತೂತುಗಳು ಉಳಿದಿರುತ್ತವೆ. ಆ ತೂತುಗಳ ವಿನ್ಯಾಸ ನೋಡಿಯೇ ಅಕ್ಕೋರು ಪಕ್ಕದ ಒಂದು ಸಮಾಧಿಯ ಹೆಸರು ಓದಿದ್ದನ್ನು ಕಂಡೆ. ಕರಾವಳಿಯಲ್ಲಾದರೆ ಮುರಕಲ್ಲಿನ ಕಟ್ಟೆ, ಅದರ ಮೇಲೆ ಬೇರೆ ಕಲ್ಲಿನ ಹಲಗೆ, ಏಕೆಂದರೆ ಮುರಕಲ್ಲು ಅಕ್ಷರ ಹಿಡಿಯುವುದಿಲ್ಲ. ಕಲ್ಲಿನ ಜಾತಿ ನೋಡಿದರೆ ಮನೆಯವರ ಕೈಯಲ್ಲಿ ಎಷ್ಟು ದುಡ್ಡಿತ್ತು, ಕಲ್ಲು ಎಲ್ಲಿಂದ ಬಂತು ಎಂಬುದು ಅರ್ಧ ತಿಳಿಯುತ್ತದೆ.

ನಾನು ಬ್ರಷ್ಷು ತೆಗೆದು ಉಜ್ಜಲು ಹೋದೆ. ಅವರು ಕೈ ಹಿಡಿದರು. ಕಲ್ಲಿನ ಮೇಲಿನ ಹಾವಸೆಯ ಕೆಳಗೆ ಅಕ್ಷರದ ಅಂಚು ಪುಡಿಯಾಗಿರುತ್ತದೆ, ತಂತಿ ಬ್ರಷ್ಷು ಹಾಕಿದರೆ ಹಾವಸೆಯ ಜೊತೆ ಅಕ್ಷರವೂ ಬರುತ್ತದೆ. ಆ್ಯಸಿಡ್ ಅಂತೂ ಅಮೃತಶಿಲೆಯನ್ನು ನುಂಗಿಯೇ ಬಿಡುತ್ತದೆ. ಅಕ್ಷರ ಎದ್ದು ಕಾಣಲಿ ಎಂದು ಸೀಮೆಸುಣ್ಣ ತಿಕ್ಕುವವರಿದ್ದಾರೆ, ಹಿಟ್ಟು ಬಳಿಯುವವರಿದ್ದಾರೆ. ಒಂದು ಕಲ್ಲನ್ನು ಗೀರುತ್ತದೆ, ಇನ್ನೊಂದು ಹಾವಸೆಗೆ ಊಟ ಹಾಕುತ್ತದೆ. ಅಕ್ಕೋರ ಚೀಲದಲ್ಲಿದ್ದದ್ದು ಒಂದು ಬಾಟಲಿ ನೀರು, ಮಕ್ಕಳ ಹಲ್ಲುಜ್ಜುವ ಮೆತ್ತನೆಯ ಬ್ರಷ್ಷು, ಮತ್ತು ಒಂದು ಮೊಳದ ಕನ್ನಡಿ.

ಆ ಕನ್ನಡಿಯೇ ಇಡೀ ವಿದ್ಯೆಯ ಗುಟ್ಟು. ಬೆಳಕು ನೇರ ಮುಖಕ್ಕೆ ಬಿದ್ದರೆ ಸವೆದ ಅಕ್ಷರ ಕಾಣುವುದಿಲ್ಲ. ಪಕ್ಕದಿಂದ, ಕಲ್ಲಿನ ಮೈಯನ್ನು ಸವರಿಕೊಂಡು ಹೋಗುವಂತೆ ಬಿದ್ದರೆ ಕೂದಲೆಳೆಯ ಆಳದ ಗೀರಿಗೂ ನೆರಳು ಹುಟ್ಟುತ್ತದೆ. ಬೆಳಗಿನ, ಸಂಜೆಯ ಇಳಿಬಿಸಿಲು ತಾನಾಗಿಯೇ ಇದನ್ನು ಮಾಡುತ್ತದೆ. ಮರದ ನೆರಳಿನ ಕಲ್ಲಿಗೆ ಕನ್ನಡಿಯಿಂದ ಬಿಸಿಲು ಹಾಯಿಸಬೇಕು. ಹತ್ತು ಅಡಿ ದೂರದ ಬಿಸಿಲಿನ ಮಚ್ಚೆಯಲ್ಲಿ ನಿಂತು ನಾನು ಕನ್ನಡಿ ತಿರುಗಿಸಿದೆ. ಬೆಳಕು ಕಲ್ಲಿನ ಎಡ ಅಂಚಿಗೆ ತಾಗಿ ನಿಧಾನಕ್ಕೆ ಒಳಗೆ ಹರಿಯಿತು. ಏನೂ ಇಲ್ಲದ ಕಡೆ ಮೊದಲು ಒಂದು ‘ಎ’, ಆಮೇಲೆ ಎರಡು ‘ಪಿ’, ಮತ್ತೆ ಒಂದು ‘ಎ’ ಎದ್ದು ನಿಂತವು. “ಅಪ್ಪಾ” ಎಂದರು ಅಕ್ಕೋರು. ಅವರು ಅಕ್ಷರ ಕೂಡಿಸಿ ಓದಿದರೋ, ಕರೆದರೋ ಎಂದು ನನಗೆ ಇಂದಿಗೂ ಹೇಳಲಾಗದು. ಹೆಸರಿನ ಮೊದಲ ಭಾಗ ಚಕ್ಕೆಯೆದ್ದು ಹೋಗಿತ್ತು.

ಇಂಗ್ಲಿಷ್ ದೊಡ್ಡಕ್ಷರಗಳ ಕೆಳಗೆ ಎರಡು ಸಾಲು ಕನ್ನಡವಿತ್ತು. ಪುಣೆಯ ಮಣ್ಣಿನಲ್ಲಿ ಕನ್ನಡ ಕಲ್ಲು ಕಂಡದ್ದೇ ನನಗೆ ಹಬ್ಬ. ಆದರೆ ಅದನ್ನು ಕೊರೆದವನಿಗೆ ಕನ್ನಡ ಬರುತ್ತಿರಲಿಲ್ಲ ಎಂಬುದು ಮೊದಲ ಪದದಲ್ಲೇ ಗೊತ್ತಾಯಿತು. ‘ದೇವರಲ್ಲಿ’ ಎಂಬ ಕಡೆ ‘ದೇಪರಲ್ಲಿ’ ಎಂದಿತ್ತು. ಚೀಟಿಯಲ್ಲಿ ಬರೆದುಕೊಟ್ಟ ಆಕಾರಗಳನ್ನು ಅವನು ಚಿತ್ರ ಬಿಡಿಸಿದಂತೆ ಕೊರೆದಿದ್ದಾನೆ, ವ ಮತ್ತು ಪ ನಡುವಿನ ಸಣ್ಣ ವ್ಯತ್ಯಾಸ ಅವನ ಕಣ್ಣಿಗೆ ಬಿದ್ದಿಲ್ಲ. ಅಕ್ಕೋರು ಅಲ್ಲೇ ಕೂತು ನನಗೊಂದು ಪಾಠ ಹೇಳಿದರು. ಕಲ್ಲುಕುಟಿಗ ತಪ್ಪುವುದು ಕಣ್ಣಿನಿಂದ. ಚರ್ಚಿನ ಪುಸ್ತಕ ಬರೆದ ಪಾದ್ರಿ ಅಥವಾ ಗುಮಾಸ್ತ ತಪ್ಪುವುದು ಕಿವಿಯಿಂದ. ಆದ್ದರಿಂದ ಕಲ್ಲಿನ ತಪ್ಪನ್ನು ನೋಡಿ ತಿದ್ದಬೇಕು, ಪುಸ್ತಕದ ತಪ್ಪನ್ನು ಗಟ್ಟಿಯಾಗಿ ಓದಿ ತಿದ್ದಬೇಕು. ಇದಿಷ್ಟನ್ನು ತಿಳಿದವರು ಅರ್ಧ ದಾರಿ ನಡೆದಂತೆ.

ಅವರು ನೋಟುಬುಕ್ಕಿನಲ್ಲಿ ಸಾಲಿಗೆ ಸಾಲು ನಕಲು ಮಾಡಿದರು. ‘ದೇಪರಲ್ಲಿ’ ಎಂಬುದನ್ನು ತಿದ್ದದೆ ಹಾಗೇ ಬರೆದರು. ಹೋದ ಅಕ್ಷರಕ್ಕೆ ಒಂದು ಚೌಕ. ಊಹೆ ಏನಿದ್ದರೂ ಬದಿಯಲ್ಲಿ, ಪೆನ್ಸಿಲ್ಲಿನಲ್ಲಿ. ಕಂಡದ್ದು ಮತ್ತು ಅಂದುಕೊಂಡದ್ದು ಒಂದೇ ಶಾಯಿಯಲ್ಲಿ ಬೆರೆತರೆ ಹತ್ತು ವರ್ಷದ ಮೇಲೆ ತಮಗೇ ಬಿಡಿಸಲು ಬರುವುದಿಲ್ಲ ಎನ್ನುತ್ತಿದ್ದರು. ಕಲ್ಲಿನ ಹಿಂಬದಿ, ಬುಡ, ಅಕ್ಕಪಕ್ಕದ ನಾಲ್ಕು ಸಮಾಧಿ ಎಲ್ಲವನ್ನೂ ಫೋಟೋ ಹಿಡಿಸಿದರು. ಬುಡದಲ್ಲಿ ಕೆಲವೊಮ್ಮೆ ಕಲ್ಲು ಕೆತ್ತಿದವನ ಹೆಸರಿರುತ್ತದೆ, ಪಕ್ಕದಲ್ಲಿ ನೆಂಟರಿರುತ್ತಾರೆ.

ಇಸವಿಯದ್ದೇ ತೊಡಕು. ಮಂಗಳವಾರ, ಸೆಪ್ಟೆಂಬರ್ 12 ಎಂದು ಇಂಗ್ಲಿಷಿನಲ್ಲಿ ಸ್ಪಷ್ಟವಿತ್ತು. ಇಸವಿಯಲ್ಲಿ 1, 8, ಕೊನೆಗೆ 9. ಮೂರನೆಯ ಅಂಕಿ ಸವೆದಿತ್ತು. 1869, 79, 89, 99, ಯಾವುದೂ ಇರಬಹುದು. ಹೊರಗೆ ಚಹಾದ ಅಂಗಡಿಯಲ್ಲಿ ಕೂತು ಅಕ್ಕೋರು ಲೆಕ್ಕ ಹಾಕಿದರು. ಸೆಪ್ಟೆಂಬರ್ 12 ಎಂಬುದು 1869ರಲ್ಲಿ ಭಾನುವಾರ, 79ರಲ್ಲಿ ಶುಕ್ರವಾರ, 89ರಲ್ಲಿ ಗುರುವಾರ. ಮಂಗಳವಾರ ಬರುವುದು 1899ರಲ್ಲಿ ಮಾತ್ರ. ಅದು ಪುಣೆಯಲ್ಲಿ ಪ್ಲೇಗು ಕೆರಳಿ ಕುಣಿದ ಮಳೆಗಾಲ. 1896ರ ಕೊನೆಗೆ ಮುಂಬಯಿಯಿಂದ ಇಳಿದ ರೋಗ, 1897ರಲ್ಲಿ ಪ್ಲೇಗ್ ಅಧಿಕಾರಿ ರ‍್ಯಾಂಡ್‌ನ ಕೊಲೆಗೂ ಆಮೇಲೆ ಚಾಪೇಕರ ಸಹೋದರರ ಗಲ್ಲಿಗೂ ಕಾರಣವಾದ ಆ ರೋಗ, ಹೋದಂತೆ ಮಾಡಿ ಮತ್ತೆ ಮತ್ತೆ ಬಂದಿತ್ತು. ಬೈಬಲ್ಲಿನ ಸಾಲು, ಕಲ್ಲಿನ ವಾರ, ಊರಿನ ಇತಿಹಾಸ, ಮೂರೂ ಒಂದೇ ದಿನದ ಮೇಲೆ ಬೆರಳಿಟ್ಟವು. ಚಹಾ ಆರಿಹೋಗಿತ್ತು. ಇನ್ನೊಂದು ತರಿಸಿದೆವು.

ಇಸವಿ ಸಿಕ್ಕಮೇಲೆ ಪುಸ್ತಕಕ್ಕೆ ಹೋಗಬಹುದು. ಇಸವಿ ಇಲ್ಲದೆ ಹೋಗಿ “ನಮ್ಮ ಹಿರಿಯರ ಹೆಸರು ಇದೆಯಾ ನೋಡಿ” ಎಂದರೆ ಯಾವ ಸಭಾಪಾಲಕರೂ ಕಪಾಟು ತೆಗೆಯುವುದಿಲ್ಲ, ತೆಗೆಯಬೇಕೆಂದು ಕೇಳುವುದೂ ಸರಿಯಲ್ಲ. ಆ ಪುಸ್ತಕಗಳು ಸಾರ್ವಜನಿಕ ವಾಚನಾಲಯದವಲ್ಲ. ಅಕ್ಕೋರು ಮೊದಲು ಪತ್ರ ಬರೆದರು: ಯಾರು, ಏಕೆ, ಯಾವ ತಿಂಗಳಿನಿಂದ ಯಾವ ತಿಂಗಳವರೆಗೆ. ಭಾನುವಾರ ಬಿಟ್ಟು, ಮದುವೆಯ ಸೀಸನ್ ಬಿಟ್ಟು, ವಾರದ ನಡುವಿನ ದಿನ ಕೇಳಿಕೊಂಡರು. ಇನ್ನೊಂದು ವಿಷಯವನ್ನೂ ಮೊದಲೇ ವಿಚಾರಿಸಿದ್ದರು. ಚರ್ಚುಗಳು ಕೈ ಬದಲಿಸುತ್ತವೆ. ದಕ್ಷಿಣದ ಹಲವು ಪ್ರಾಟೆಸ್ಟಂಟ್ ಸಭೆಗಳು 1947ರಲ್ಲಿ ಒಂದಾಗಿ ಚರ್ಚ್ ಆಫ್ ಸೌತ್ ಇಂಡಿಯಾ ಆದವು, ಉತ್ತರದಲ್ಲಿ 1970ರಲ್ಲಿ ಚರ್ಚ್ ಆಫ್ ನಾರ್ತ್ ಇಂಡಿಯಾ. ಕ್ಯಾಥೊಲಿಕರಲ್ಲೂ ಗಡಿಗಳು ಸರಿದಿವೆ: ಪುಣೆ ಧರ್ಮಪ್ರಾಂತ 1886ರದು, ಬೆಳಗಾವಿಯದು 1953ರದು. ಅದಕ್ಕೂ ಮೊದಲು ಬೆಳಗಾವಿ ಭಾಗದ ಇಗರ್ಜಿಗಳ ಆಡಳಿತ ಗೋವಾ ಮತ್ತು ಪುಣೆಯ ಬಿಷಪ್ಪರ ಕೈಯಲ್ಲಿತ್ತು. ಆಗ ಆ ಕಟ್ಟಡ ಯಾರದಾಗಿತ್ತು, ಈಗ ಅದರ ಪುಸ್ತಕ ಯಾರ ಬಳಿ ಇದೆ, ಇವೆರಡೂ ಬೇರೆ ಬೇರೆ ಪ್ರಶ್ನೆಗಳು.

ಸಮಾಧಿಯ ಪುಸ್ತಕ ಮೊಣಕಾಲುದ್ದ. ಹಳೆಯ ಶಾಯಿ ಕಾಗದವನ್ನು ಸುಟ್ಟಂತೆ ತಿಂದು ಕೆಲವು ಅಕ್ಷರಗಳು ತೂತಾಗಿದ್ದವು. ಪುಟ ತಿರುವಲು ಬೆರಳಿಗೆ ಎಂಜಲು ಹಚ್ಚುವಂತಿಲ್ಲ, ಹತ್ತಿರ ಪೆನ್ನು ತರುವಂತಿಲ್ಲ. ಅಡ್ಡಕ್ಕೆ ಖಾನೆಗಳು: ಸತ್ತ ದಿನ, ಹೂಳಿದ ದಿನ, ಹೆಸರು, ವಯಸ್ಸು, ಉದ್ಯೋಗ, ರೋಗ, ಹೂಳಿದ ಜಾಗ, ಪಾದ್ರಿಯ ಸಹಿ. 1899ರ ಆಗಸ್ಟಿನ ಪುಟದಲ್ಲಿ ರೋಗದ ಖಾನೆಯಲ್ಲಿ ಒಮ್ಮೆ ‘ಪ್ಲೇಗ್’ ಎಂದು ಪೂರ್ತಿ ಬರೆದು, ಅದರ ಕೆಳಗೆ ಪುಟದ ಕೊನೆಯವರೆಗೂ ಎರಡೆರಡು ಸಣ್ಣ ಗೀಟು ಎಳೆದಿದ್ದರು. ಮೇಲಿನಂತೆಯೇ, ಮೇಲಿನಂತೆಯೇ. ಬರೆಯುವವರಿಗೆ ಆ ಪದವನ್ನು ಮತ್ತೆ ಬರೆಯಲು ಮನಸ್ಸಾಗಿರಲಿಕ್ಕಿಲ್ಲ.

ಸೆಪ್ಟೆಂಬರ್ 12ರ ಸಾಲು ಸಿಕ್ಕಿತು. ಉದ್ಯೋಗ: ರೈಲ್ವೆ ಫಿಟ್ಟರ್. ವಯಸ್ಸು 30. ಅಕ್ಕೋರು ವಯಸ್ಸನ್ನು ಕಂಡು ತಲೆಯಾಡಿಸಿ ಬದಿಯಲ್ಲಿ ಪೆನ್ಸಿಲ್ಲಿನಿಂದ ‘25ರಿಂದ 35’ ಎಂದು ಬರೆದುಕೊಂಡರು. ಸತ್ತವನ ವಯಸ್ಸನ್ನು ಹೇಳುವವರು ಬದುಕಿರುವವರು, ಅದೂ ದುಃಖದಲ್ಲಿ. ಆ ಕಾಲದ ಪುಸ್ತಕಗಳಲ್ಲಿ ಮೂವತ್ತು, ನಲವತ್ತು, ಐವತ್ತರ ಹತ್ತಿರ ಜನ ಗುಂಪುಗಟ್ಟಿರುತ್ತಾರೆ. ಊರಿನ ಹೆಸರು ‘ಬಟ್ಟಿ ಗೆರ್ರಿ’ ಎಂದು ಎರಡು ತುಂಡಾಗಿ ಬರೆದಿತ್ತು. ಎರಡನೆಯ ತುಂಡನ್ನು ನಾನು ಯಾರೋ ಇಂಗ್ಲಿಷ್ ಮನುಷ್ಯನ ಅಡ್ಡಹೆಸರು ಎಂದುಕೊಂಡೆ. ಅಕ್ಕೋರು ಕಣ್ಣು ಮುಚ್ಚಿ ನಾಲ್ಕು ಸಲ ಬೇರೆ ಬೇರೆ ವೇಗದಲ್ಲಿ ಅದನ್ನು ಅಂದರು. ನಾಲ್ಕನೆಯ ಸಲ ಬೆಟಗೇರಿ ಕೇಳಿಸಿತು.

ಕೇಳಿಸಿದ್ದು ಸಾಕ್ಷಿಯಾಗದು ಎಂದು ಅವರೇ ಹೇಳಿದರು. ಸಾಕ್ಷಿ ಸಿಕ್ಕಿದ್ದು ಮದುವೆಯ ಪುಸ್ತಕದಲ್ಲಿ. 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆಯ ನಂತರ ಮದುವೆಯ ದಾಖಲೆಗೆ ಕಟ್ಟುನಿಟ್ಟು ಬಂತು: ಗಂಡು ಹೆಣ್ಣಿನ ವಯಸ್ಸು, ಇಬ್ಬರ ತಂದೆಯ ಹೆಸರು, ವಾಸ, ಸಾಕ್ಷಿಗಳ ಸಹಿ, ಮತ್ತು ಅದರ ಪ್ರತಿ ಸರ್ಕಾರಕ್ಕೆ. ಅನನುಭವಿ ಹುಡುಕುಗರು ವಧೂವರರ ಹೆಸರು ಓದಿ ಪುಟ ಮಗುಚುತ್ತಾರೆ. ಬಲ್ಲವರು ಮೊದಲು ನೋಡುವುದು ಸಾಕ್ಷಿಗಳನ್ನು. ಪರಊರಿನಲ್ಲಿ ಮದುವೆಯಾಗುವವನ ಪಕ್ಕ ನಿಲ್ಲುವವನು ಅವನ ಊರಿನವನೇ, ಇಲ್ಲವೇ ಅಣ್ಣತಮ್ಮ, ಇಲ್ಲವೇ ಒಂದೇ ಕೋಣೆಯಲ್ಲಿ ಉಂಡು ಮಲಗಿದವನು. 1893ರ ಆ ಇಂಗ್ಲಿಷ್ ಪುಟದ ಕೆಳಗೆ, ಎರಡನೆಯ ಸಾಕ್ಷಿ ಕನ್ನಡದಲ್ಲಿ ಸಹಿ ಹಾಕಿದ್ದ. ದುಂಡಗಿನ, ಮಿಷನ್ ಶಾಲೆಯ ಅಕ್ಷರ. ಹೆಸರಿನ ಮುಂದೆ ಸ್ಪಷ್ಟವಾಗಿ ಊರು: ಬೆಟಗೇರಿ. ಕಲ್ಲುಕುಟಿಗನ ಕಣ್ಣೂ ನಡುವೆ ಇಲ್ಲ, ಗುಮಾಸ್ತನ ಕಿವಿಯೂ ನಡುವೆ ಇಲ್ಲ. ಆ ಮನುಷ್ಯನ ಕೈ ನೇರ ಕಾಗದಕ್ಕೆ ತಾಗಿದ್ದು ಅದೊಂದೇ ಕಡೆ. ಅಕ್ಕೋರು ಆ ಸಹಿಯನ್ನು ಬಹಳ ಹೊತ್ತು ನೋಡಿದರು. ಎಷ್ಟೇ ಹಳೆಯ ರಿಜಿಸ್ಟರಿನಲ್ಲೂ ಸಹಿಗಳ ಜಾಗ ಬಂದಾಗ ಓದುವುದನ್ನು ನಿಲ್ಲಿಸಿ ನೋಡಬೇಕು ಎಂಬುದು ನಾನು ಅವರಿಂದ ಕಲಿತ ಅತ್ಯಂತ ಬೆಲೆಬಾಳುವ ಪಾಠ.

ಬೆಟಗೇರಿಯಲ್ಲಿ ಬಾಸೆಲ್ ಮಿಷನ್ ಕೆಲಸ ಶುರು ಮಾಡಿದ್ದು 1841ರಲ್ಲಿ. ಮಂಗಳೂರಿನಲ್ಲಿ 1834, ಧಾರವಾಡದಲ್ಲಿ 1837, ಹುಬ್ಬಳ್ಳಿಯಲ್ಲಿ 1839, ಆಮೇಲೆ ಇಲ್ಲಿ. ಈ ಮಿಷನ್ನಿನವರು ಬರೆಯುವುದರಲ್ಲಿ ಗಟ್ಟಿಗರು. ವರ್ಷದ ವರದಿ, ದಿನಚರಿ, ಊರಿಗೆ ಕಳಿಸಿದ ಪತ್ರ, ಫೋಟೋ, ನಕ್ಷೆ ಎಲ್ಲ ಸ್ವಿಟ್ಜರ್ಲೆಂಡಿನ ಬಾಸೆಲ್ ಪತ್ರಾಗಾರದಲ್ಲಿ ಜೋಪಾನವಾಗಿವೆ. ಒಂದು ಭಾಗ ಮಂಗಳೂರಿನ ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ಪತ್ರಾಗಾರದಲ್ಲಿದೆ. ಇಲ್ಲಿ ಕಿವಿ ಇಂಗ್ಲಿಷಿನದಲ್ಲ, ಜರ್ಮನ್ನಿನದು. ‘ಯಲ್ಲವ್ವ’ ಹುಡುಕುವವರು ಇಂಗ್ಲಿಷಿನ ‘ವೈ’ ಬಿಟ್ಟು ‘ಜೆ’ ಕೆಳಗೆ ನೋಡಬೇಕು, ಏಕೆಂದರೆ ಜರ್ಮನ್ನರು ‘ಯ’ ಬರೆಯುವುದು ಹಾಗೆ. ‘ವ’ ಸಿಗುವುದು ‘ಡಬ್ಲ್ಯು’ ಕೆಳಗೆ. ನಿಘಂಟಿನ ಕಿಟೆಲ್ಲರಂಥ ಕಿವಿ ಎಲ್ಲರಿಗೂ ಇರಲಿಲ್ಲ.

ಮತಾಂತರಗೊಂಡ ಮನೆಯವರ ವಿಷಯದಲ್ಲಿ ಇನ್ನೊಂದು ತಿರುವಿದೆ. ದೀಕ್ಷಾಸ್ನಾನದ ದಿನ ಹೆಸರು ಬದಲಾಗಬಹುದು. ಮಂಗಳೂರಿನ ಆನಂದರಾವ್ ಕೌಂಡಿನ್ಯ 1844ರಲ್ಲಿ ದೀಕ್ಷಾಸ್ನಾನ ಪಡೆದಾಗ ಹರ್ಮನ್ ಆನಂದರಾವ್ ಕೌಂಡಿನ್ಯ ಆದರು. ‘ಹರ್ಮನ್’ ಬಂದದ್ದು ಗುರು ಹರ್ಮನ್ ಮೋಗ್ಲಿಂಗರಿಂದ. ಮೊದಲ ಹೆಸರೂ ಗೋತ್ರವೂ ಅದರೊಳಗೇ ಉಳಿದವು. ಹೊಸ ಹೆಸರು ಗೋಡೆಯೆಂದು ಹಲವರು ನಿಂತುಬಿಡುತ್ತಾರೆ. ಅದು ಯಾರ ಹೆಸರು, ಏಕೆ ಅದನ್ನೇ ಇಟ್ಟರು ಎಂದು ಕೇಳಿದರೆ ಬಾಗಿಲಾಗುತ್ತದೆ. ‘ತಿರುಳ್ಗನ್ನಡದ ತಿರುಕ’ ಚನ್ನಪ್ಪ ಉತ್ತಂಗಿಯವರನ್ನು ನೋಡಿ, ಸರ್ವಜ್ಞನ ವಚನಗಳನ್ನು ಊರೂರು ಅಲೆದು ಕೂಡಿಸಿದ ಪಾದ್ರಿ. ಅವರ ಅಡ್ಡಹೆಸರೇ ಊರಿನ ವಿಳಾಸ. ಅಕ್ಕೋರ ಮುತ್ತಜ್ಜನ ಮನೆತನದ ದೀಕ್ಷಾಸ್ನಾನದ ಸಾಲುಗಳು ಬೆಟಗೇರಿ ಕಡೆಯ ಪುಸ್ತಕದಲ್ಲಿ ಸಿಕ್ಕಾಗ ಒಂದೇ ದಿನಾಂಕದ ಕೆಳಗೆ ಆರು ಜನರಿದ್ದರು: ಅಜ್ಜಿ, ಮಗ, ಸೊಸೆ, ಮೂವರು ಮಕ್ಕಳು. ಮೊದಲ ಓದಿಗೆ ಆರು ಮಂದಿ ಒಂದೇ ದಿನ ಹುಟ್ಟಿದರೇನೋ ಎನಿಸುತ್ತದೆ. ದೀಕ್ಷಾಸ್ನಾನದ ದಿನವನ್ನು ಹುಟ್ಟಿದ ದಿನವೆಂದು ಬರೆದುಕೊಂಡು ವಂಶವೃಕ್ಷವನ್ನೇ ಕೆಡಿಸಿದವರಿದ್ದಾರೆ.

ಕರಾವಳಿಯ ಕ್ಯಾಥೊಲಿಕರ ಪುಸ್ತಕಗಳದು ಬೇರೆಯೇ ಸೊಗಸು. 1563ರಲ್ಲಿ ಟ್ರೆಂಟ್ ಪರಿಷತ್ತು ಪ್ರತಿ ಇಗರ್ಜಿಯೂ ಜ್ಞಾನಸ್ನಾನ ಮತ್ತು ಮದುವೆಯ ಪುಸ್ತಕ ಇಡಬೇಕೆಂದು ವಿಧಿಸಿತು. ಆ ನಿಯಮ ಗೋವೆಯ ಪಾದ್ರಿಗಳೊಡನೆ ನಮ್ಮ ಕಡೆಗೂ ಬಂತು. 1784ರಲ್ಲಿ ಟಿಪ್ಪು ಕೆನರಾದ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಸೆರೆಯೊಯ್ದು ಇಗರ್ಜಿಗಳನ್ನು ಕೆಡವಿಸಿದ್ದರಿಂದ ಮಂಗಳೂರು ಸೀಮೆಯ ಬಹಳಷ್ಟು ಹುಡುಕಾಟ 1799ರಾಚೆ ಹೋಗಲು ತಿಣುಕುತ್ತದೆ. ಆಮೇಲಿನದು ಮಾತ್ರ ಶ್ರೀಮಂತ. ಲ್ಯಾಟಿನ್, ಪೋರ್ಚುಗೀಸ್ ಕೈಬರಹದಲ್ಲಿ 8ರ ಮುಂದೆ ‘ಬರ್’ ಎಂದು ಬರೆದಿದ್ದರೆ ಆಗಸ್ಟ್ ಎಂದು ಓದಬೇಡಿ, ಅದು ಅಕ್ಟೋಬರ್. ಲ್ಯಾಟಿನ್ನಿನಲ್ಲಿ ‘ಅಕ್ಟೋ’ ಎಂದರೆ ಎಂಟು. ಹಾಗೇ 7 ಸೆಪ್ಟೆಂಬರ್. ಮೊದಲ ಗಂಡುಮಗುವಿಗೆ ತಂದೆಯ ತಂದೆಯ ಹೆಸರು, ಎರಡನೆಯದಕ್ಕೆ ತಾಯಿಯ ತಂದೆಯ ಹೆಸರು ಇಡುವ ವಾಡಿಕೆಯಿಂದ, ಮೊಮ್ಮಕ್ಕಳ ಜ್ಞಾನಸ್ನಾನದ ಸಾಲುಗಳೇ ಕಳೆದುಹೋದ ಅಜ್ಜಂದಿರ ಹೆಸರನ್ನು ಪಿಸುಗುಟ್ಟುತ್ತವೆ. 1908ರ ಈಚೆಗೆ, ಮದುವೆ ಎಲ್ಲೇ ಆದರೂ ಜ್ಞಾನಸ್ನಾನವಾದ ಇಗರ್ಜಿಗೆ ಸುದ್ದಿ ಕಳಿಸಿ, ಆ ಹಳೆಯ ಸಾಲಿನ ಅಂಚಿನಲ್ಲಿ ಬರೆಸಬೇಕೆಂಬ ನಿಯಮ ಬಂತು. ಹೀಗಾಗಿ ಉಡುಪಿಯ ಹಳ್ಳಿಯೊಂದರಲ್ಲಿ ಹುಟ್ಟಿದವಳು ಪುಣೆಯಲ್ಲಿ ಮದುವೆಯಾದರೂ ಅವಳ ಹುಟ್ಟೂರಿನ ಪುಸ್ತಕದ ಅಂಚಿನಲ್ಲಿ ಪುಣೆ ಎಂದು ಸಣ್ಣಕ್ಷರದಲ್ಲಿ ಕೂತಿರುತ್ತದೆ. ಮಂಗಳೂರಿನ ಮೈಕೆಲ್ ಲೋಬೊ, ಗಣಿತದಲ್ಲಿ ಡಾಕ್ಟರೇಟ್ ಮಾಡಿದವರು, ಇಂಥ ಪುಸ್ತಕಗಳನ್ನು ವರ್ಷಗಟ್ಟಲೆ ಓದಿ ಸಾವಿರಕ್ಕೂ ಮಿಕ್ಕ ಮಂಗಳೂರು ಕ್ಯಾಥೊಲಿಕ್ ಮನೆತನಗಳ ವಂಶಾವಳಿ ಕೂಡಿಸಿದ್ದಾರೆ. ಒಬ್ಬ ಮನುಷ್ಯನ ಒಂದು ಜೀವಮಾನದ ಕೆಲಸ ಅದು. ನಾಡು ಅದನ್ನು ಇನ್ನೂ ದೊಡ್ಡದಾಗಿ ಗುರುತಿಸಬೇಕಿತ್ತು.

ಸ್ಥಳೀಯ ಪುಸ್ತಕ ಗೆದ್ದಲಿಗೆ ಹೋಗಿದ್ದರೆ ಲಂಡನ್ನಿನಲ್ಲಿ ನಕಲು ಇರಬಹುದು. ಕಂಪನಿ ಕಾಲದಿಂದ ಮೂರೂ ಪ್ರೆಸಿಡೆನ್ಸಿಗಳ ಪಾದ್ರಿಗಳು ತಮ್ಮ ದಾಖಲೆಯ ಪ್ರತಿ ಕಳಿಸುತ್ತಿದ್ದರು. ಮದ್ರಾಸಿನದು 1698ರಿಂದ, ಮುಂಬಯಿಯದು 1709ರಿಂದ, ಬಂಗಾಳದ್ದು 1713ರಿಂದ ಬ್ರಿಟಿಷ್ ಲೈಬ್ರರಿಯಲ್ಲಿವೆ. ಹೆಚ್ಚಿನವು ಬ್ರಿಟಿಷರವು, ಆಂಗ್ಲೋ ಇಂಡಿಯನ್ನರವು. ನಮ್ಮವರದು ಕಡಿಮೆ. ನಕಲಿನಲ್ಲಿ ಇನ್ನೊಬ್ಬನ ಕಣ್ಣು ಸೇರುವುದರಿಂದ ಅದರ ತಪ್ಪುಗಳೂ ಬೇರೆ. 1976ರಲ್ಲಿ ಶುರುವಾದ ಬ್ರಿಟಿಷ್ ಅಸೋಸಿಯೇಷನ್ ಫಾರ್ ಸಿಮೆಟ್ರೀಸ್ ಇನ್ ಸೌತ್ ಏಷ್ಯಾ ಸಂಸ್ಥೆ ಕಲ್ಲುಗಳ ಬರಹವನ್ನೇ ಕೂಡಿಸುತ್ತ ಬಂದಿದೆ. ಕಿತ್ತೂರಿನ ಪಾಠ ಓದಿದವರಿಗೆಲ್ಲ ಗೊತ್ತಿರುವ ಥ್ಯಾಕರೆ, 1824ರ ಅಕ್ಟೋಬರ್ 23ರಂದು ಕೋಟೆಯ ಮುಂದೆ ಸತ್ತ ಕಲೆಕ್ಟರ್ ಸೇಂಟ್ ಜಾನ್ ಥ್ಯಾಕರೆ, ಧಾರವಾಡದಲ್ಲಿ ಮಣ್ಣಾದವನು. ಕಾದಂಬರಿಕಾರ ವಿಲಿಯಂ ಥ್ಯಾಕರೆಗೆ ಅವನು ಚಿಕ್ಕಪ್ಪ. ವಿಲಿಯಂ ಹಂಟರ್ 1897ರಲ್ಲಿ ಆ ಮನೆತನದ ಭಾರತದ ಕಥೆಯನ್ನು ಕಲ್ಕತ್ತಾದ ಸಮಾಧಿಗಳಿಂದಲೇ ಎತ್ತಿ ಬರೆದ. ಸಾಹೇಬರ ಗೋರಿಗಳಿಗೆ ಹೀಗೆ ಓದುಗರು ಸಿಕ್ಕಿದರು. ಬೆಟಗೇರಿಯ ಫಿಟ್ಟರನ ಕಲ್ಲಿಗೆ ಓದುಗರು ಮನೆಯೊಳಗಿಂದಲೇ ಹುಟ್ಟಬೇಕು.

ಪುಣೆಯ ಸುತ್ತ ಇನ್ನೊಂದು ಸಮಾಧಿಯನ್ನು ಕನ್ನಡಿಗರು ನೋಡಬೇಕು. ಸೊಲ್ಲಾಪುರದ ರೈಲು ದಾರಿಯ ಮೇಲಿನ ಕೇಡಗಾಂವ್‌ನಲ್ಲಿ ಪಂಡಿತಾ ರಮಾಬಾಯಿ ತಾವೇ ಕಟ್ಟಿದ ಮುಕ್ತಿ ಮಿಷನ್ನಿನಲ್ಲಿ 1922ರ ಏಪ್ರಿಲ್ 5ರಂದು ತೀರಿಕೊಂಡರು. ಎಂಟು ತಿಂಗಳ ಹಿಂದೆಯಷ್ಟೇ ಮಗಳು ಮನೋರಮಾ ಹೋಗಿದ್ದಳು. ಕಾರ್ಕಳದ ಹತ್ತಿರದ ಮಾಳದ ಅನಂತ ಶಾಸ್ತ್ರಿ ಡೋಂಗ್ರೆಯವರ ಮಗಳು ರಮಾಬಾಯಿ. ಹುಟ್ಟಿದ್ದು 1858ರಲ್ಲಿ, ಗಂಗಾಮೂಲದ ಕಾಡಿನ ಆಶ್ರಮದಲ್ಲಿ. ಅವರ ಜ್ಞಾನಸ್ನಾನದ ದಾಖಲೆ ಮಾಳದಲ್ಲೂ ಇಲ್ಲ, ಪುಣೆಯಲ್ಲೂ ಇಲ್ಲ. ಅದು ನಡೆದದ್ದು 1883ರ ಸೆಪ್ಟೆಂಬರ್ 29ರಂದು ಇಂಗ್ಲೆಂಡಿನ ವಾಂಟೇಜ್ ಊರಿನಲ್ಲಿ, ಎರಡು ವರ್ಷದ ಮಗಳೊಂದಿಗೆ. ಮದುವೆಯೂ ಚರ್ಚಿನ ಪುಸ್ತಕದಲ್ಲಿಲ್ಲ, 1880ರಲ್ಲಿ ಬಂಕೀಪುರದಲ್ಲಿ ಸಿವಿಲ್ ಮದುವೆ. ಹೀಗೆ ಒಬ್ಬಳೇ ಹೆಣ್ಣುಮಗಳ ಬದುಕು ನಾಲ್ಕು ಊರಿನ ನಾಲ್ಕು ಬಗೆಯ ಕಾಗದಗಳಲ್ಲಿ ಹರಡಿದೆ. ಅದರ ಹಿಂದಿನ ತಲೆಮಾರಿಗೆ ಹೋಗಬೇಕಾದರೆ ಚರ್ಚಿನ ಬಾಗಿಲೇ ಮುಗಿಯುತ್ತದೆ. ಆಮೇಲೆ ಸಹಾಯಕ್ಕೆ ಬರುವುದು ಮಾಳದ ಮನೆತನಗಳ ನೆನಪು, ಅಥವಾ ನಾಸಿಕ, ತ್ರ್ಯಂಬಕಗಳ ತೀರ್ಥಪುರೋಹಿತರು, ಯಾತ್ರೆಗೆ ಬಂದವರ ಹೆಸರು, ಊರು, ವಂಶವನ್ನು ತಲೆಮಾರುಗಟ್ಟಲೆ ವಹಿಗಳಲ್ಲಿ ಬರೆದಿಟ್ಟವರು. ಬೆಟಗೇರಿಯ ಆರು ಜನರಾಚೆ ಅಕ್ಕೋರು ಇನ್ನೂ ಹೋಗಿಲ್ಲ. ಹೋಗುವ ದಾರಿ ಅದೇ ಎಂದು ಅವರಿಗೆ ಗೊತ್ತು.

ಅದಕ್ಕೂ ಮೊದಲು ಅವರು ಸಮಾಧಿಯ ಪುಸ್ತಕಕ್ಕೆ ಇನ್ನೊಮ್ಮೆ ಹೋದರು. ಬೇಕಾದ ಸಾಲು ಸಿಕ್ಕಿತೆಂದು ಪುಸ್ತಕ ಮುಚ್ಚಬಾರದು ಎಂಬುದು ಅವರ ನಿಯಮ. ಹಿಂದಿನ ಒಂದು ತಿಂಗಳು, ಮುಂದಿನ ಒಂದು ತಿಂಗಳು ಪೂರ್ತಿ ಓದಬೇಕು. ಪ್ಲೇಗಿನ ಪುಟಗಳನ್ನು ಹಾಗೆ ಓದುವುದು ಸುಲಭವಲ್ಲ. ಗೀಟುಗಳ ಮೇಲೆ ಬೆರಳಿಡುತ್ತ ಒಂದೊಂದೇ ಹೆಸರನ್ನು ಮೆಲ್ಲಗೆ ಅನ್ನುತ್ತ ಹೋದರು. ಸೆಪ್ಟೆಂಬರ್ 17ರ ಸಾಲಿನಲ್ಲಿ ನಿಂತರು. ನಾಲ್ಕು ವರ್ಷದ ಹೆಣ್ಣುಮಗು. ತಂದೆಯ ಹೆಸರಿನ ಮುಂದೆ ‘ದಿವಂಗತ’ ಎಂಬರ್ಥದ ಗುರುತು, ಉದ್ಯೋಗ ರೈಲ್ವೆ ಫಿಟ್ಟರ್. ತಂದೆಯ ಹೆಸರನ್ನು ಐದು ದಿನದ ಹಿಂದೆ ಒಂದು ರೀತಿ ಬರೆದಿದ್ದರು, ಇಲ್ಲಿ ಇನ್ನೊಂದು ರೀತಿ. ಬರೆದ ಕೈ ಬೇರೆ, ಬಹುಶಃ ಹೇಳಿದ ಬಾಯಿಯೂ ಬೇರೆ. ಎರಡನ್ನೂ ಒಂದರ ಮೇಲೊಂದು ಇಟ್ಟು ಓದಿದಾಗ, ಕಲ್ಲಿನಲ್ಲಿ ಚಕ್ಕೆಯೆದ್ದು ಹೋಗಿದ್ದ ಮೊದಲ ಅಕ್ಷರಗಳು ಸರಿಯಾಗಿ ಕೂತವು. ಹೆಸರು ಪೂರ್ತಿಯಾಯಿತು. ಅದು ಆ ಮನೆಯವರ ಸ್ವತ್ತು, ಇಲ್ಲಿ ಬರೆಯುವುದಿಲ್ಲ.

ಆ ಮಗು ಇತ್ತೆಂದೇ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಬೈಬಲ್ಲಿನ ಹಾಳೆಯಲ್ಲಿಲ್ಲ, ಕಲ್ಲೂ ಇಲ್ಲ. ಮಗುವಿನ ಹೆಸರನ್ನು ಗುಮಾಸ್ತ ಎರಡು ತುಂಡು ಮಾಡಿ, ಇಂಗ್ಲಿಷಿಗೂ ಕನ್ನಡಕ್ಕೂ ಸಲ್ಲದಂತೆ ಬರೆದಿದ್ದ. ಅಕ್ಕೋರು ಕಣ್ಣು ಮುಚ್ಚಿದರು. ಒಮ್ಮೆ ನಿಧಾನಕ್ಕೆ, ಒಮ್ಮೆ ಬೇಗ ಅಂದರು. ಮೂರನೆಯ ಸಲ ಗದಗ ಸೀಮೆಯಲ್ಲಿ ಅಂಗಳದಲ್ಲಿ ಆಡುವ ಮಗುವನ್ನು ಊಟಕ್ಕೆ ಕೂಗುವಂತೆ ಕೊನೆಯ ಸ್ವರ ಎಳೆದು ಅಂದರು. ಹೆಸರು ಕೇಳಿಸಿತು.

ಕೊಂಢವಾಕ್ಕೆ ಬಂದು ಕಪಾಟಿನಿಂದ ಬೈಬಲ್ ತೆಗೆದರು. ಮುತ್ತಜ್ಜನ ಸಾಲಿನ ಕೆಳಗೆ ಬೆರಳಗಲ ಜಾಗವಿತ್ತು. ಪೆನ್ಸಿಲ್ ಎತ್ತಿಕೊಂಡವರು ಅದನ್ನು ಇಟ್ಟು ಪೆನ್ನು ಕೇಳಿದರು.